ಎಂಟು ತಿಂಗಳ ಕೂಸು

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಬೆಳಗಿನ ಜಾವ. ಸೊಸೆ ಎದ್ದು ಕೂತಳು. ನಡ ನೋಯುತ್ತಿತ್ತು. ಹೊಟ್ಟೆ ಗಟ್ಟಿಯಾಗುತ್ತಿತ್ತು. ಮತ್ತೆ ಸಡಿಲಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಗಟ್ಟಿ.

"ಅತ್ತೀ, ನಡ ಭಾಳ ನೋಯಾಕತ್ತೈತ್ರಿ."

"ನಿನ್ನೆ ನೀರಿನ ಕೊಡ ಎತ್ತಿದ್ದಿ. ಅದಕ್ಕ ಇರಬೇಕು. ಮಲಕ್ಕೋ."

ಮಲಗಿದಳು. ಹಾಸಿಗೆ ಒದ್ದೆಯಾಯಿತು. ಅದು ಮೂತ್ರವಲ್ಲ. ಹೊಟ್ಟೆಯೊಳಗಿನ ನೀರು ಒಡೆದಿತ್ತು. ಅವಳಿಗೆ ಆಗ ಎಂಟನೇ ತಿಂಗಳು.

ಇದು ಕಥೆ. ಇದರಲ್ಲಿ ಯಾರ ಹೆಸರನ್ನೂ ಹಾಕಿಲ್ಲ. ನಿಮ್ಮ ಮನೆಯ ಸೊಸೆ ಎಂದೇ ತಿಳಿಯಿರಿ. ಇಲ್ಲವೇ ನಿಮ್ಮ ಮಗಳು. ಇಂಥದು ಯಾರ ಮನೆಯಲ್ಲೂ ಆಗಬಹುದು.

ಈ ಸೊಸೆಗೆ 21 ವರ್ಷ. ಚಿಕ್ಕವಳಿದ್ದಾಗ ಹತ್ತಿ ಬಿಡಿಸಲು ಹೋಗಿ ಶಾಲೆ ಬಿಟ್ಟಿದ್ದಳು. ಮದುವೆಯಾದ ಮೇಲೆ ಊರಿನ ಕಲಿಕಾ ಕೇಂದ್ರಕ್ಕೆ ಹೋದಳು. ನಿಮ್ಮ ಹಾಗೆಯೇ ಓದು ಕಲಿತಳು. ಕೂಡುವುದು, ಕಳೆಯುವುದು ಬರುತ್ತಿತ್ತು. ನಿಧಾನವಾಗಿ ಓದುತ್ತಿದ್ದಳು. ಆದರೆ ಓದುತ್ತಿದ್ದಳು.

ಗಂಡ ಆಶಾ ಅಕ್ಕನ ಮನೆಗೆ ಓಡಿದ. ಆಶಾ ಅಕ್ಕ ಬಂದವಳೇ 108ಕ್ಕೆ ಫೋನ್ ಮಾಡಿದಳು. "ತಾಯಿ ಕಾರ್ಡ್ ತಗೊಳ್ರಿ. ಎರಡು ಹತ್ತಿ ಸೀರಿ ತಗೊಳ್ರಿ. ನಡೀರಿ," ಅಂದಳು.

ಅತ್ತೆ ತಡೆದಳು. "ಇನ್ನೂ ದಿನ ತುಂಬಿಲ್ಲ. ಇಷ್ಟ ಲಗೂ ಯಾಕ?"

"ದಿನ ತುಂಬಿಲ್ಲ ಅಂತನ ಲಗೂ ಹೋಗಬೇಕ್ರಿ ಯವ್ವಾ," ಅಂದಳು ಆಶಾ ಅಕ್ಕ.

ಅವಳ ಮಾತು ಸರಿ. ದಿನ ತುಂಬಿದ ಹೆರಿಗೆ ಎಂದರೆ ಸುಮಾರು 40 ವಾರ. 37 ವಾರ ತುಂಬುವ ಮೊದಲೇ ಹೆರಿಗೆಯಾದರೆ ಅದು ಅವಧಿಗೆ ಮುಂಚಿನ ಹೆರಿಗೆ. ದಿನ ತುಂಬುವ ಮೊದಲೇ ನಡುನೋವು ಬಂದು ಬಂದು ಹೋದರೆ, ನೀರು ಹೋದರೆ, ರಕ್ತ ಕಂಡರೆ, ಕೂಸು ಮಿಸುಕಾಡುವುದು ಕಡಿಮೆಯಾದರೆ ಕಾಯಬಾರದು. ಅರ್ಧ ದಿನ ಕಾದರೂ ತಡವಾಗುತ್ತದೆ. ಯಾಕೆ ಎಂದು ಮುಂದೆ ನೋಡೋಣ.

ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸ್ಟರ್ ತಾಯಿ ಕಾರ್ಡ್ ನೋಡಿದರು. 32 ವಾರ. ತೊಡೆಗೆ ಒಂದು ಸೂಜಿ ಹಾಕಿದರು. "ಇದು ನಿನಗಲ್ಲವ್ವಾ. ಕೂಸಿನ ಉಸಿರಿಗೆ," ಅಂದರು. ಆಮೇಲೆ ಅದೇ ಗಾಡಿಯಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಹುಟ್ಟಿದ ಮೇಲೆ ಸಣ್ಣ ಕೂಸನ್ನು ಎತ್ತಿಕೊಂಡು ಅಲೆಯುವುದಕ್ಕಿಂತ, ಹೊಟ್ಟೆಯಲ್ಲಿ ಇರುವಾಗಲೇ ದೊಡ್ಡ ಆಸ್ಪತ್ರೆ ಸೇರುವುದು ಮೇಲು. ತಾಯಿಯ ಹೊಟ್ಟೆಗಿಂತ ಒಳ್ಳೆಯ ಗಾಡಿ ಯಾವುದಿದೆ?

ಆ ಸೂಜಿಯ ಬಗ್ಗೆ ಒಂದು ಮಾತು. ಹೊಟ್ಟೆಯಲ್ಲಿರುವ ಕೂಸು ಉಸಿರಾಡುವುದಿಲ್ಲ. ಅದರ ಶ್ವಾಸಕೋಶ, ಅಂದರೆ ಪುಪ್ಪುಸ, ಕೊನೆಯ ವಾರಗಳಲ್ಲಿ ಬಲಿಯುತ್ತದೆ. ಒಳಗೆ ಸಾಬೂನಿನ ನೊರೆಯಂಥ ಒಂದು ಪದಾರ್ಥ ಹುಟ್ಟುತ್ತದೆ. ಅದು ಇಲ್ಲದಿದ್ದರೆ ಪುಪ್ಪುಸದ ಸಣ್ಣ ಚೀಲಗಳು ಅಂಟಿಕೊಳ್ಳುತ್ತವೆ. ಕೂಸು ಒಂದೊಂದು ಉಸಿರಿಗೂ ಒದ್ದಾಡುತ್ತದೆ.

1963ರ ಆಗಸ್ಟ್ ತಿಂಗಳು. ಅಮೆರಿಕದ ಅಧ್ಯಕ್ಷ ಕೆನಡಿ ಅವರಿಗೆ ಒಂದು ಗಂಡುಮಗು ಹುಟ್ಟಿತು. ಐದೂವರೆ ವಾರ ಮೊದಲೇ ಹುಟ್ಟಿತು. ತೂಕ 2 ಕಿಲೋ ದಾಟಿತ್ತು. ಆದರೆ ಪುಪ್ಪುಸ ಬಲಿತಿರಲಿಲ್ಲ. 39 ಗಂಟೆ ಬದುಕಿತು. ಅಷ್ಟೇ. ಆ ಮನೆಯಲ್ಲಿ ದುಡ್ಡಿಗೆ ಕೊರತೆ ಇರಲಿಲ್ಲ. ದೊಡ್ಡ ದೊಡ್ಡ ಡಾಕ್ಟರು ಇದ್ದರು. ಆದರೆ ಔಷಧಿಯೇ ಇರಲಿಲ್ಲ.

1972ರಲ್ಲಿ ನ್ಯೂಜಿಲೆಂಡ್ ದೇಶದ ಲಿಗಿನ್ಸ್ ಮತ್ತು ಹೋವಿ ಎಂಬ ಇಬ್ಬರು ಡಾಕ್ಟರು ಒಂದು ಸಂಗತಿ ತೋರಿಸಿಕೊಟ್ಟರು. ಹೆರಿಗೆಗೆ ಮೊದಲೇ ತಾಯಿಗೆ ಒಂದು ಸೂಜಿ ಕೊಟ್ಟರೆ ಕೂಸಿನ ಪುಪ್ಪುಸ ಬೇಗ ಬಲಿಯುತ್ತದೆ. ಲಿಗಿನ್ಸ್ ಇದನ್ನು ಮೊದಲು ಕಂಡದ್ದು ಕುರಿಗಳಲ್ಲಿ. ಕುರಿ ಸಾಕುವ ನಮ್ಮವರು ಇದನ್ನು ಕೇಳಿದರೆ ಖುಷಿಪಟ್ಟಾರು. ಅಮೆರಿಕದ ಅಧ್ಯಕ್ಷರ ಮನೆಗೆ 1963ರಲ್ಲಿ ಸಿಗದ ಆ ಜಾತಿಯ ಸೂಜಿ, ನಮ್ಮ ಸೊಸೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಪುಕ್ಕಟೆ ಸಿಕ್ಕಿತು. ಅದನ್ನು 12 ಗಂಟೆಗೆ ಒಂದರಂತೆ 4 ಸಲ ಕೊಡುತ್ತಾರೆ. ಅದಕ್ಕೇ ಅರ್ಧ ದಿನವೂ ಕಾಯಬಾರದು ಎಂದದ್ದು. ನಮ್ಮ ಸೊಸೆಗೆ 3 ಸೂಜಿ ಆಗುವಷ್ಟರಲ್ಲಿ ಹೆರಿಗೆಯಾಯಿತು.

ಹೆಣ್ಣು ಕೂಸು. ತೂಕ 1,400 ಗ್ರಾಂ. ಒಂದೂವರೆ ಕಿಲೋಗೂ ಕಡಿಮೆ. ತಾಯಿ ಕಂಡದ್ದು ಒಂದು ಕ್ಷಣ ಮಾತ್ರ. ಕೆಂಪಗೆ, ತೆಳ್ಳಗೆ, ಅಂಗೈಯಷ್ಟು ಮುಖ. ಆಮೇಲೆ ಬಟ್ಟೆ ಸುತ್ತಿಕೊಂಡು ಓಡಿದರು.

ಓಡಿದ್ದು ಎಲ್ಲಿಗೆ? ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಕ್ಕೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಇದೆ. ಹೊರಗಿನಿಂದ ನೋಡಿದರೆ ಎದೆ ಝಲ್ ಎನ್ನುತ್ತದೆ. ಸಣ್ಣ ಸಣ್ಣ ಹಾಸಿಗೆಗಳು. ಕೂಸಿನ ಮೈಗೆ ತಂತಿ. ಮೂಗಿಗೆ ನಳಿಕೆ. ಎಲ್ಲ ಕಡೆ ಟೀಂ ಟೀಂ ಎಂಬ ಸದ್ದು.

ಒಂದೊಂದಕ್ಕೂ ಅರ್ಥ ಇದೆ. ಮೇಲಿನಿಂದ ಕಾವು ಕೊಡುವುದು ವಾರ್ಮರ್. ದಿನ ತುಂಬದ ಕೂಸಿನ ಚರ್ಮದ ಕೆಳಗೆ ಕೊಬ್ಬು ಇರುವುದಿಲ್ಲ. ಅದು ಬೇಗ ತಣ್ಣಗಾಗುತ್ತದೆ. ತಣ್ಣಗಾದ ಕೂಸು ಉಳಿಯುವುದು ಕಷ್ಟ. ಮೂಗಿನ ನಳಿಕೆ ಗಾಳಿಯನ್ನು ಮೆಲ್ಲಗೆ ಒತ್ತಿ ಕೊಡುತ್ತದೆ. ಪುಪ್ಪುಸ ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಕಾಲಿಗೆ ಕಟ್ಟಿದ ಕೆಂಪು ದೀಪ ರಕ್ತದಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುತ್ತದೆ. ಸದ್ದು ಯಾಕೆ? ಇಂಥ ಕೂಸುಗಳು ಒಮ್ಮೊಮ್ಮೆ ಉಸಿರಾಡುವುದನ್ನೇ ಮರೆಯುತ್ತವೆ. ಆಗ ಯಂತ್ರ ಕೂಗುತ್ತದೆ. ಸಿಸ್ಟರ್ ಬಂದು ಅಂಗಾಲು ತಟ್ಟುತ್ತಾರೆ. ಕೂಸು ಮತ್ತೆ ಉಸಿರು ಎಳೆಯುತ್ತದೆ. ಈ ಮರೆವಿಗೆ ಕೊಡುವ ಔಷಧಿ ಯಾವುದು ಗೊತ್ತೇ? ಕೆಫೀನ್. ಕಾಫಿಯಲ್ಲಿ ನಮ್ಮನ್ನು ಎಚ್ಚರ ಇಡುತ್ತದಲ್ಲ, ಅದೇ. ಹಾಗಂತ ಮನೆಯಲ್ಲಿ ಕೂಸಿಗೆ ಕಾಫಿ ಕುಡಿಸೀರಿ! ಅದರ ಅಳತೆ ಡಾಕ್ಟರಿಗೆ ಮಾತ್ರ ಗೊತ್ತು.

ಎರಡನೇ ದಿನ ಕೂಸು ಹಳದಿಯಾಯಿತು. ಕಣ್ಣಿಗೆ ಪಟ್ಟಿ ಕಟ್ಟಿ ನೀಲಿ ದೀಪದ ಕೆಳಗೆ ಮಲಗಿಸಿದರು. ಇದನ್ನು ಕಂಡುಹಿಡಿದ ದಾರಿ ಚಂದ ಇದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಒಬ್ಬ ಸಿಸ್ಟರ್ ಸಣ್ಣ ಕೂಸುಗಳನ್ನು ಹೊರಗೆ ಬಿಸಿಲಿಗೆ ಒಯ್ಯುತ್ತಿದ್ದರು. ಬಿಸಿಲು ಬಿದ್ದ ಕಡೆ ಹಳದಿ ಇಳಿದದ್ದನ್ನು ಅವರೇ ಗಮನಿಸಿದರು. ಡಾಕ್ಟರು ಆಮೇಲೆ ಆ ಬೆಳಕನ್ನು ದೀಪಕ್ಕೆ ತಂದರು. ಆದರೆ ದಿನ ತುಂಬದ ಕೂಸನ್ನು ಮನೆಯ ಅಂಗಳದ ಬಿಸಿಲಿಗೆ ಹಾಕಿದರೆ ಆಗುವುದಿಲ್ಲ. ಅದಕ್ಕೆ ಆ ದೀಪವೇ ಬೇಕು.

ತಾಯಿ ವಾರ್ಡಿನಲ್ಲಿ ಒಬ್ಬಳೇ ಮಲಗಿದ್ದಳು. ಅಕ್ಕಪಕ್ಕದ ಹಾಸಿಗೆಯಲ್ಲಿ ತಾಯಂದಿರ ಮಗ್ಗುಲಿಗೆ ಕೂಸು. ಇವಳ ಮಗ್ಗುಲು ಖಾಲಿ. ಎದೆ ಭಾರ. ಹಾಲು ಕುಡಿಯುವವರು ಇಲ್ಲ. "ನಾನೇನು ತಪ್ಪು ಮಾಡಿದೆ? ಕೊಡ ಎತ್ತಬಾರದಿತ್ತೇನು? ಗ್ರಹಣದ ದಿನ ಹೊರಗ ಬಂದಿದ್ದೆ. ಅದಕ್ಕ ಹಿಂಗಾತೇನು?" ಎಂದು ಅತ್ತಳು.

ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ತಾಯಿಗೆ ರಕ್ತ ಕಡಿಮೆ ಇದ್ದರೆ, ರಕ್ತದ ಒತ್ತಡ ಏರಿದರೆ, ಒಳಗೆ ನಂಜು ಆದರೆ, ಅವಳಿ ಇದ್ದರೆ ಹೀಗಾಗಬಹುದು. ಚಿಕ್ಕ ವಯಸ್ಸಿಗೆ ಬಸಿರಾದರೂ, ಹಿಂದಿನ ಹೆರಿಗೆಯ ಬೆನ್ನಿಗೇ ಬಸಿರಾದರೂ ಆಗಬಹುದು. ಎಷ್ಟೋ ಸಲ ಕಾರಣವೇ ತಿಳಿಯುವುದಿಲ್ಲ. ಬೈಯುವುದಕ್ಕೆ ಮಾತ್ರ ಎಲ್ಲರಿಗೂ ಸೊಸೆಯೇ ಸಿಗುತ್ತಾಳೆ.

ನಾಲ್ಕನೇ ದಿನ. ಕೂಸಿನ ತೂಕ 1,300 ಗ್ರಾಂಗೆ ಇಳಿಯಿತು. ಅತ್ತೆ ವಾರ್ಡಿಗೆ ಬಂದಳು.

"ತೂಕ ಇಳಿಯಾಕತ್ತೈತಿ. ಏಳು ತಿಂಗಳದ್ದು ಉಳಿತೈತಿ, ಎಂಟು ತಿಂಗಳದ್ದು ಉಳಿಯಂಗಿಲ್ಲ ಅಂತ ನಮ್ಮವ್ವ ಹೇಳ್ತಿದ್ದಳು. ಮ್ಯಾಲೆ ಹೆಣ್ಣು. ನನ್ನ ಮಗನ ಕೂಲಿ ನಾಕು ದಿನದಿಂದ ಹೋತು. ಮನಿಗೆ ಒಯ್ಯೂಣು. ದೇವರು ಇಟ್ಟಂಗ ಆಗಲಿ."

ಅತ್ತೆ ಕೆಟ್ಟವಳಲ್ಲ. ಅವಳೂ ಎರಡು ಕೂಸು ಕಳೆದುಕೊಂಡಿದ್ದಳು. ಆಗ ಹೀಗೆ ಗಾಜಿನ ಕೋಣೆ ಇರಲಿಲ್ಲ. ನಂಬಿಕೆ ಒಂದೇ ಇತ್ತು.

ಎಂಟು ತಿಂಗಳ ಕೂಸು ಉಳಿಯುವುದಿಲ್ಲ ಎಂಬ ಮಾತು ನಮ್ಮಲ್ಲಿ ಮಾತ್ರ ಇಲ್ಲ. 2,000 ವರ್ಷಕ್ಕೂ ಹಿಂದೆ ಗ್ರೀಸ್ ದೇಶದ ವೈದ್ಯರೂ ಇದನ್ನೇ ಬರೆದಿಟ್ಟರು. ಅವರೂ ತಪ್ಪಿದರು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿಗೆ ಲಾಭ. ತೂಕ ಬರುತ್ತದೆ. ಪುಪ್ಪುಸ ಬಲಿಯುತ್ತದೆ. ಎಂಟು ತಿಂಗಳ ಕೂಸಿಗೆ ಏಳು ತಿಂಗಳ ಕೂಸಿಗಿಂತ ಉಳಿಯುವ ಆಸೆ ಹೆಚ್ಚು. ಹಾಗಾದರೆ ಊರಲ್ಲಿ ಗುಂಡಗುಂಡಗೆ ಇರುವ ಏಳು ತಿಂಗಳ ಕೂಸುಗಳು? ಅಲ್ಲಿ ಎಷ್ಟೋ ಸಲ ತಿಂಗಳ ಲೆಕ್ಕವೇ ತಪ್ಪಿರುತ್ತದೆ. ಇರಲಿ ಬಿಡಿ.

ತೂಕ ಇಳಿಯುವುದೂ ಹೊಸದಲ್ಲ. ಹುಟ್ಟಿದ ಎಲ್ಲ ಕೂಸುಗಳೂ ಮೊದಲ ವಾರ ಸ್ವಲ್ಪ ಇಳಿಯುತ್ತವೆ. ದಿನ ತುಂಬದ ಕೂಸು ಮತ್ತೆ ಹುಟ್ಟಿದಾಗಿನ ತೂಕಕ್ಕೆ ಬರಲು ಸುಮಾರು ಎರಡು ವಾರ ಬೇಕು.

ಅತ್ತೆ ಹೋಗಿ ಕೇಳಿದಳು. ಡಾಕ್ಟರು ಬೇಡ ಅಂದರು. ಮತ್ತೆ ಕೇಳಿದಳು. ಕೊನೆಗೆ ಒಂದು ಕಾಗದ ಬಂತು. ಅತ್ತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು. ಗಂಡ ನೆಲ ನೋಡುತ್ತ ನಿಂತ.

"ತಡೀರಿ ಅತ್ತಿ. ಅದರಾಗ ಏನೈತಿ ನೋಡ್ತೀನಿ," ಅಂದಳು ಸೊಸೆ.

ಕಾಗದ ತೆಗೆದುಕೊಂಡಳು. ಬೆರಳಿಟ್ಟು ಓದಿದಳು. ಒಂದೊಂದೇ ಅಕ್ಷರ. "ಡಾಕ್ಟರ ಸಲಹೆ ಮೀರಿ... ಮಗುವನ್ನು... ಕರೆದುಕೊಂಡು ಹೋಗುತ್ತಿದ್ದೇವೆ. ಮಗುವಿನ ಜೀವಕ್ಕೆ... ಅಪಾಯವಾದರೆ... ನಾವೇ ಹೊಣೆ."

ವಾರ್ಡು ಸುಮ್ಮನಾಯಿತು.

"ಅತ್ತಿ, ಹೆಬ್ಬೆಟ್ಟು ನಿಮ್ಮದು. ಹೊಣಿ ಹೊರೂದು ನಾನು. ನಾನು ಒಲ್ಲೆ," ಅಂದಳು. ಮದುವೆಯಾಗಿ ಬಂದ ಮೇಲೆ ಅತ್ತೆಗೆ ಎದುರಾಡಿದ್ದು ಅದೇ ಮೊದಲು.

ಸಿಸ್ಟರ್ ಅತ್ತೆಯನ್ನು ಕೂಡಿಸಿ ಖರ್ಚಿನ ಮಾತು ಬಿಡಿಸಿ ಹೇಳಿದರು. 2011ರಿಂದ ಜನನಿ ಶಿಶು ಸುರಕ್ಷಾ ಎಂಬ ಸರ್ಕಾರದ ಕಾರ್ಯಕ್ರಮ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಪುಕ್ಕಟೆ. ಕಾಯಿಲೆಯ ಕೂಸಿಗೆ ಔಷಧಿ, ಪರೀಕ್ಷೆ, ರಕ್ತ ಪುಕ್ಕಟೆ. ಹೋಗಿ ಬರುವ ಗಾಡಿಯೂ ಪುಕ್ಕಟೆ. ಕೂಲಿ ಹೋಗುವುದು ಮಾತ್ರ ನಿಜ. ಅದನ್ನು ಯಾರೂ ಕೊಡಲಿಲ್ಲ. ಗಂಡ ಮರುದಿನ ಊರಿಗೆ ಹೋದ. ಎರಡು ದಿನ ದುಡಿದು ಒಂದು ದಿನ ಬರುವುದು ಎಂದು ಗೊತ್ತುಮಾಡಿಕೊಂಡ.

ಅಂದೇ ಸಿಸ್ಟರ್ ತಾಯಿಯನ್ನು ಒಳಗೆ ಕರೆದರು. ಮೊಳಕೈವರೆಗೆ ಸಾಬೂನಿನಿಂದ ಕೈ ತೊಳೆಸಿದರು. ಬಳೆ, ಉಂಗುರ ತೆಗೆಸಿದರು. "ಇಷ್ಟು ದಿನ ನಾವು ನೋಡಿಕೊಂಡ್ವಿ. ಇನ್ನ ನಿನ್ನ ಕೆಲಸ ಐತವ್ವಾ," ಅಂದರು.

ಮೊದಲ ಕೆಲಸ ಹಾಲು. ಇಷ್ಟು ಸಣ್ಣ ಕೂಸಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಸುಮಾರು 34 ವಾರಕ್ಕೆ ಅದು ಕೈಗೂಡುತ್ತದೆ. ಅಲ್ಲಿವರೆಗೆ ತಾಯಿ ಕೈಯಿಂದ ಹಾಲು ಹಿಂಡಬೇಕು. ನಳಿಕೆಯಲ್ಲಿ ಕೊಡುತ್ತಾರೆ. ಆಮೇಲೆ ಒಳಲೆಯಲ್ಲಿ. ಎರಡು ಮೂರು ಗಂಟೆಗೆ ಒಮ್ಮೆ ಹಿಂಡಬೇಕು. ರಾತ್ರಿಯೂ ಹಿಂಡಬೇಕು. ಮೊದಲ ದಿನ ನಾಲ್ಕು ಹನಿ ಬಂತು. ಇವಳು ಅತ್ತಳು. ಸಿಸ್ಟರ್ ಆ ನಾಲ್ಕು ಹನಿಯನ್ನೂ ಚೆಲ್ಲಲಿಲ್ಲ. ಹಳದಿ ಬಣ್ಣದ ಗಿಣ್ಣುಹಾಲು ಕೂಸಿಗೆ ಸಿಗುವ ಮೊದಲ ರಕ್ಷಣೆ. ಹಿಂಡಿದಷ್ಟೂ ಹಾಲು ಹೆಚ್ಚುತ್ತದೆ. ವಾರದಲ್ಲಿ ಬಟ್ಟಲು ತುಂಬತೊಡಗಿತು.

ಎರಡನೇ ಕೆಲಸ ಕಾವು. ಆಸ್ಟ್ರೇಲಿಯಾ ದೇಶದಲ್ಲಿ ಕಾಂಗರೂ ಎಂಬ ಪ್ರಾಣಿ ಇದೆ. ಅದರ ಮರಿ ಬಲಿಯುವ ಮೊದಲೇ ಹುಟ್ಟುತ್ತದೆ. ತಾಯಿಯ ಹೊಟ್ಟೆಯ ಚೀಲದಲ್ಲಿ ಬೆಳೆಯುತ್ತದೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ಊರಿನಲ್ಲಿ ರೇ ಎಂಬ ಡಾಕ್ಟರು ಇದ್ದರು. ಆಸ್ಪತ್ರೆಯಲ್ಲಿ ಕಾವಿನ ಪೆಟ್ಟಿಗೆಗಳು ಸಾಲುತ್ತಿರಲಿಲ್ಲ. ಒಂದೊಂದು ಪೆಟ್ಟಿಗೆಯಲ್ಲಿ ಎರಡು ಮೂರು ಕೂಸು. ನಂಜು ಹರಡಿ ಸಾಯುತ್ತಿದ್ದವು. ಆಗ ಅವರು ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿದರು. ಬಡತನದಲ್ಲಿ ಹುಟ್ಟಿದ ಉಪಾಯ. ಈಗ ಶ್ರೀಮಂತ ದೇಶಗಳೂ ಇದನ್ನು ಮಾಡುತ್ತವೆ.

ಭಾರತವೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. 2021ರಲ್ಲಿ ಫಲ ಹೊರಬಂತು. ಕೂಸಿನ ಸ್ಥಿತಿ ಸುಧಾರಿಸಿದ ಮೇಲೆ ಎದೆಗೆ ಕೊಟ್ಟಾಗ 100 ಸಣ್ಣ ಕೂಸುಗಳಲ್ಲಿ ಸುಮಾರು 16 ತೀರಿಕೊಂಡವು. ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ ಸುಮಾರು 12. ನಾಲ್ಕು ಕೂಸಿನ ವ್ಯತ್ಯಾಸ! ಅದಕ್ಕೇ ತಡಮಾಡದೆ ಶುರು ಮಾಡಿರಿ ಎಂದು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಕಲಿಸಿ, ಮನೆಯಲ್ಲೂ ಮುಂದುವರಿಸುವ ಕೆಲಸ ನಡೆದಿದೆ.

ಮಾಡುವುದು ಹೀಗೆ. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಮಾತ್ರ. ತಾಯಿಯ ಎರಡು ಮೊಲೆಗಳ ನಡುವೆ ನೆಟ್ಟಗೆ ಇಡಬೇಕು. ಮುಖ ಒಂದು ಪಕ್ಕಕ್ಕೆ ತಿರುಗಿರಬೇಕು. ಮೂಗು ಮುಚ್ಚಬಾರದು. ಕಾಲು ಕಪ್ಪೆಯ ಹಾಗೆ ಮಡಿಸಿರಬೇಕು. ಮೈಗೆ ಮೈ ತಾಗಬೇಕು. ಮೇಲೆ ಬಟ್ಟೆ ಕಟ್ಟಬೇಕು. ದಿನಕ್ಕೆ 8 ಗಂಟೆಗೆ ಕಡಿಮೆ ಬೇಡ. ಹೆಚ್ಚಾದಷ್ಟೂ ಒಳ್ಳೆಯದು.

ಕೂಸನ್ನು ಎದೆಗೆ ಇಟ್ಟಾಗ ತಾಯಿಗೆ ಹೆದರಿಕೆ. ಉಸಿರು ಬಿಗಿಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಟೀಂ ಟೀಂ ಸದ್ದು ನಿಂತಿತು. "ಏನಾತ್ರಿ?" ಎಂದು ಗಾಬರಿಯಾದಳು. ಸಿಸ್ಟರ್ ನಕ್ಕರು. "ಏನೂ ಆಗಿಲ್ಲ. ಉಸಿರು ಸಮ ಆಗೇತಿ. ಅದಕ್ಕ ಯಂತ್ರ ಸುಮ್ಮನಾತು."

ಇನ್ನೊಂದು ದಿನ ತಾಯಿ ಊಟಕ್ಕೆ ಹೊರಟಳು. ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಅಜ್ಜಿ, ಕೈ ತೊಳಕೊಂಡು ಬರ್ರಿ. ನೀವು ಹಿಡ್ಕೊಳ್ರಿ," ಅಂದರು ಸಿಸ್ಟರ್.

"ನನ್ನ ಎದಿ ಒಣಗೈತಿ ನನ್ನವ್ವಾ. ನನ್ನ ಹತ್ರ ಏನೈತಿ?"

"ಹಾಲು ಬ್ಯಾಡ್ರಿ. ಕಾವು ಐತಲ್ಲ?"

ಅತ್ತೆ ಒಂದು ತಾಸು ಕೂತಳು. ಅಲುಗಾಡಲಿಲ್ಲ. ಮರುದಿನ ಕರೆಯದೆ ಬಂದಳು. ಗಂಡನೂ ಬಂದಾಗ ಅಂಗಿ ಬಿಚ್ಚಿ ಕೂತ. ನಾಚಿಕೆಯಿಂದ ಗೋಡೆ ನೋಡುತ್ತಿದ್ದ.

ಎಲ್ಲ ಕೂಸೂ ಉಳಿಯಲಿಲ್ಲ. ಪಕ್ಕದ ಹಾಸಿಗೆಯ ಕೂಸು 900 ಗ್ರಾಂ ಇತ್ತು. ಒಂಬತ್ತನೇ ದಿನ ರಾತ್ರಿ ತೀರಿಕೊಂಡಿತು. ಎಲ್ಲರೂ ಮಾಡಬೇಕಾದ್ದು ಮಾಡಿದ್ದರು. ಆ ತಾಯಿಗೆ ನಮ್ಮ ಸೊಸೆ ಏನೂ ಹೇಳಲಿಲ್ಲ. ಪಕ್ಕದಲ್ಲಿ ಕೂತಳು.

ಸೊಸೆ ನೋಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ದಿನಾ ತೂಕ ಬರೆದಳು. 14ನೇ ದಿನ 1,400. ಹುಟ್ಟಿದಾಗಿನ ತೂಕ ಮರಳಿ ಬಂತು. 20ನೇ ದಿನ 1,520. ಒಂದು ದಿನ ಏರಲೇ ಇಲ್ಲ. ಅಂದು ಊಟ ಬಿಟ್ಟಳು. ಸಿಸ್ಟರ್ ಬೈದು ಉಣಿಸಿದರು. 34ನೇ ದಿನ 1,800.

ಅಷ್ಟರಲ್ಲಿ 26ನೇ ದಿನ ಒಂದು ಪರೀಕ್ಷೆ ಆಯಿತು. ಕಣ್ಣಿನದು. ಇದನ್ನು ಗಮನವಿಟ್ಟು ಓದಿ. ದಿನ ತುಂಬದ ಕೂಸಿನ ಕಣ್ಣಿನ ಹಿಂಬದಿಯ ಪರದೆಯಲ್ಲಿ ರಕ್ತನಾಳಗಳು ಪೂರಾ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿ ಬೆಳೆದರೆ ಕೂಸು ಕುರುಡಾಗಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ತಾಯಿಗೆ ತಿಳಿಯುವುದಿಲ್ಲ. 2 ಕಿಲೋಗಿಂತ ಕಡಿಮೆ ತೂಕದ ಕೂಸಿಗೆ, ಇಲ್ಲವೇ 34 ವಾರಕ್ಕೆ ಮೊದಲು ಹುಟ್ಟಿದ ಕೂಸಿಗೆ, ಹುಟ್ಟಿದ 30 ದಿನದ ಒಳಗೆ ಈ ಪರೀಕ್ಷೆ ಆಗಬೇಕು. ತೀರ ಸಣ್ಣ ಕೂಸಿಗೆ ಇನ್ನೂ ಬೇಗ. ಬೇಗ ಕಂಡರೆ ಲೇಸರ್ ಬೆಳಕಿನಿಂದ ಕಣ್ಣು ಉಳಿಸಬಹುದು. ತಡವಾದರೆ ಕಷ್ಟ. ಕರ್ನಾಟಕದಲ್ಲಿ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರುವಾಯಿತು. ಕ್ಯಾಮೆರಾ ಹೊತ್ತುಕೊಂಡು ಜಿಲ್ಲೆಗಳಿಗೆ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆದು, ದೂರದ ಡಾಕ್ಟರಿಗೆ ತೋರಿಸುವ ಕೆಲಸ ಅದು. ಒಂದು ಸಲ ನೋಡಿದರೆ ಮುಗಿಯಲಿಲ್ಲ. ಮತ್ತೆ ಬಾ ಎಂದ ತಾರೀಕಿಗೆ ಹೋಗಲೇಬೇಕು. ನಮ್ಮ ಸೊಸೆ ಆ ತಾರೀಕನ್ನು ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದಳು.

35ನೇ ದಿನ ಮನೆಗೆ ಕಳಿಸಿದರು. ಕಳಿಸುವಾಗ ಸಿಸ್ಟರ್ ಹೇಳಿದ್ದು ಇಷ್ಟು. ಎದೆಗೆ ಕಟ್ಟುವುದನ್ನು ಬಿಡಬೇಡಿ. ತಾಯಿಹಾಲು ಬಿಟ್ಟು ಜೇನುತುಪ್ಪ, ಸಕ್ಕರೆ ನೀರು, ಆಕಳ ಹಾಲು ಏನೂ ಬೇಡ. ಡಾಕ್ಟರು ಬರೆದ ಹನಿ ಮದ್ದು ಮಾತ್ರ ಕೊಡಿ. ಎರೆಯುವುದು ಈಗ ಬೇಡ, ಒರೆಸಿದರೆ ಸಾಕು. ಲೋಬಾನದ ಹೊಗೆ ಬೇಡ. ಕೂಸು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಇಲ್ಲವೇ ಸುಟ್ಟರೆ ಕೂಡಲೇ ಬನ್ನಿ. ಉಸಿರು ನಿಮಿಷಕ್ಕೆ 60 ಮುಟ್ಟಿದರೆ, ಎದೆಗುಂಡಿ ಒಳಗೆ ಸೆಳೆದರೆ, ಅಂಗೈ ಅಂಗಾಲು ಹಳದಿಯಾದರೆ, ಫಿಟ್ಸ್ ಬಂದರೆ ರಾತ್ರಿಯಾದರೂ ಬನ್ನಿ. ಬರೆ ಹಾಕಬೇಡಿ. ಬರೆಯಿಂದ ಕಾಯಿಲೆ ಹೋಗುವುದಿಲ್ಲ. ಸುಟ್ಟ ಗಾಯದಿಂದ ನಂಜು ಒಳಗೆ ಹೋಗುತ್ತದೆ.

ಇನ್ನೊಂದು ಮಾತು. ಈ ಕೂಸು ಎರಡು ತಿಂಗಳು ಮೊದಲೇ ಬಂದಿದೆ. ನಗುವುದು, ಕತ್ತು ನಿಲ್ಲಿಸುವುದು, ಕೂರುವುದು ಎಲ್ಲವೂ ಓರಗೆಯ ಕೂಸುಗಳಿಗಿಂತ ತಡ. ಹುಟ್ಟಬೇಕಾಗಿದ್ದ ದಿನದಿಂದ ತಿಂಗಳು ಎಣಿಸಬೇಕು. ಆದರೆ ಲಸಿಕೆಗೆ ಹಾಗಲ್ಲ. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಬೇಕು.

ಮನೆಗೆ ಬಂದ ದಿನ ಓಣಿಯ ಹೆಂಗಸರೆಲ್ಲ ಬಂದರು. ಒಬ್ಬಳು ಇಣುಕಿ ನೋಡಿ, "ಇಷ್ಟ ಐತಲ್ಲವ್ವಾ! ಎಂಟು ತಿಂಗಳದ್ದೇನು?" ಎಂದು ಕೈ ಚಾಚಿದಳು.

ಅತ್ತೆ ಅಡ್ಡ ನಿಂತಳು. "ಹೌದು, ಎಂಟು ತಿಂಗಳದ್ದ. ಮೊದಲ ಕೈ ತೊಳಕೊಂಡು ಬಾ. ಸಾಬೂನು ಬಚ್ಚಲದಾಗ ಐತಿ."

ಲೆಕ್ಕ ಮಾಡಿ, ಮಾತಾಡಿ

ಕೂಸಿನ ತೂಕ 14ನೇ ದಿನ 1,400 ಗ್ರಾಂ. 34ನೇ ದಿನ 1,800 ಗ್ರಾಂ. ದಿನಕ್ಕೆ ಎಷ್ಟು ಗ್ರಾಂ ಏರಿತು?

ನಿಮ್ಮ ಊರಿನಿಂದ ಜಿಲ್ಲಾ ಆಸ್ಪತ್ರೆಗೆ ಎಷ್ಟು ಕಿಲೋಮೀಟರ್? ರಾತ್ರಿ ಹೊತ್ತು ಹೋಗಲು ಎಷ್ಟು ತಾಸು ಬೇಕು?

ಸೊಸೆ ಓದಿದ ಕಾಗದವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿ. ನೀವು ಓದದೆ ಹೆಬ್ಬೆಟ್ಟು ಹಾಕಿದ ಕಾಗದ ಯಾವುದಾದರೂ ಇದೆಯೇ? ಅದರಲ್ಲಿ ಏನಿತ್ತು?